ಆದ್ಯತೆ ಬೇರೆಯಾಗಲಿ, ಗುರಿ ಬೇರೆಯಾಗದಿರಲಿ

ಶಾಲೆಗಳು ಪುನರಾರಂಭಗೊಳ್ಳುವ ದಿನಗಳಲ್ಲಿ ನಮ್ಮ ಧರ್ಮಕೇಂದ್ರಗಳಲ್ಲಿ ಶಿಕ್ಷಣದ ವಿಚಾರ ಮತ್ತೆ ಚರ್ಚೆಗೆ ಬರುತ್ತದೆ. ಈ ಬಾರಿ ಭಾನುವಾರದ ಪೂಜೆಯ ಬಳಿಕ ನಡೆದ ಸಭೆಯೊಂದರಲ್ಲಿ, ಉತ್ತರ ಕರ್ನಾಟಕದಲ್ಲಿ ನಮ್ಮ ಧರ್ಮಗುರುಗಳೂ ಧರ್ಮಭಗಿನಿಯರೂ ನಡೆಸುತ್ತಿರುವ ಶಾಲೆಗಳ ಪ್ರಸ್ತಾಪ ಬಂತು. ಹಿರಿಯರೊಬ್ಬರು ಎದ್ದು, "ಆ ಮಕ್ಕಳಿಗೆ ಬೀಜಗಣಿತ ಏಕೆ? ಹೊಲಿಗೆಯನ್ನೋ ಮೋಟಾರು ರಿಪೇರಿಯನ್ನೋ ಕಲಿಸಿದರೆ ಹೊಟ್ಟೆಪಾಡಿಗಾದರೂ ಆಗುತ್ತದೆ" ಎಂದರು. ಹಲವರು ತಲೆದೂಗಿದರು. ಅದೇ ಹಿರಿಯರ ಮೊಮ್ಮಗ ವೈದ್ಯಕೀಯ ಪ್ರವೇಶ ಪರೀಕ್ಷೆಗಾಗಿ ತರಬೇತಿಗೆ ಹೋಗುತ್ತಿರುವುದು ಸಭೆಯಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ಆ ದಿನ ನಾವೂ ಸುಮ್ಮನಿದ್ದೆವು. ಆ ಮೌನವು ಮನಸ್ಸನ್ನು ಚುಚ್ಚುತ್ತಿರುವುದರಿಂದ ಈ ಮಾತುಗಳನ್ನು ಬರೆಯುತ್ತಿದ್ದೇವೆ.

ಹಿರಿಯರ ಮಾತಿನಲ್ಲಿ ಒಂದು ಸತ್ಯಾಂಶವಿದೆ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ಪ್ರದೇಶ ಪ್ರದೇಶಗಳ ನಡುವೆ ಅಜಗಜಾಂತರವಿದೆ. 2011ರ ಜನಗಣತಿಯಂತೆ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88.57 ಆಗಿದ್ದರೆ ಯಾದಗಿರಿಯದು ಶೇ. 51.83 ಮಾತ್ರ. 2002ರಲ್ಲಿ ವರದಿ ಸಲ್ಲಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು ರಾಜ್ಯದ 175 ತಾಲೂಕುಗಳ ಪೈಕಿ 114 ಹಿಂದುಳಿದಿವೆ ಎಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದೂ ಗುರುತಿಸಿತ್ತು. ಸುಗ್ಗಿ ಮುಗಿಯುತ್ತಲೇ ತಂದೆತಾಯಿಗಳೊಡನೆ ಗುಳೆ ಹೊರಡುವ ಮಗುವಿಗೂ, ಮನೆಬಾಗಿಲಿಗೆ ಬರುವ ಶಾಲಾ ವಾಹನವನ್ನು ಹತ್ತುವ ಮಗುವಿಗೂ ಶಾಲೆಯ ಮೊದಲ ಕರ್ತವ್ಯ ಒಂದೇ ಆಗಿರಲು ಹೇಗೆ ಸಾಧ್ಯ?

ಸಾಧ್ಯವಿಲ್ಲ. ಗುಳೆ ಹೋಗುವ ಊರಿನ ಶಾಲೆಯ ಮೊದಲ ಆದ್ಯತೆ ಮಗುವನ್ನು ಊರಿನಲ್ಲೇ ಉಳಿಸಿಕೊಳ್ಳುವ ವಸತಿ, ಹೊಟ್ಟೆಗೆ ಅನ್ನ, ತಪ್ಪಿಹೋದ ಪಾಠವನ್ನು ತುಂಬಿಕೊಡುವ ವ್ಯವಸ್ಥೆ. ಹೆಣ್ಣುಮಗಳನ್ನು ಏಳನೆಯ ತರಗತಿಗೇ ಬಿಡಿಸಿ ಮದುವೆಗೆ ಸಿದ್ಧಗೊಳಿಸುವ ಊರಿನಲ್ಲಿ, ಅವಳು ಹತ್ತನೆಯ ತರಗತಿಯನ್ನು ಮುಗಿಸುವಂತೆ ನೋಡಿಕೊಳ್ಳುವುದೇ ಶಾಲೆಯ ಅತಿದೊಡ್ಡ ಫಲಿತಾಂಶ. ಲಂಬಾಣಿ ತಾಂಡಾದಿಂದ ಬರುವ ಮಗುವಿಗೆ ಕನ್ನಡವೂ ಇಂಗ್ಲಿಷೂ ಎರಡೂ ಪರಭಾಷೆಗಳೇ. ಅಂತಹ ಮಗುವನ್ನು ಮೊದಲ ದಿನವೇ ಇಂಗ್ಲಿಷ್ ಪ್ರಾಸಗೀತೆಗಳಿಗೆ ಕೂರಿಸುವುದಕ್ಕಿಂತ, ಅದರ ಮನೆಮಾತಿನಲ್ಲಿ ಮಾತನಾಡಿಸಿ ಭಯವನ್ನು ಬಿಡಿಸುವುದು ಮೇಲು. ಇಂಗ್ಲಿಷ್ ಬೇಕೆಂಬ ಪಾಲಕರ ಆಸೆ ತಪ್ಪಲ್ಲ. ಆದರೆ ಬುನಾದಿಯಿಲ್ಲದೆ ಮಾಳಿಗೆ ಕಟ್ಟಲಾಗದು.

ಇಂತಹ ವ್ಯತ್ಯಾಸದಿಂದ ಒಳಿತಾದ ಉದಾಹರಣೆ ನಮ್ಮ ರಾಜ್ಯದಲ್ಲಿಯೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ 'ನಲಿ-ಕಲಿ' ಪದ್ಧತಿ ಆರಂಭವಾಯಿತು. ಕಾಡಂಚಿನ ಸಣ್ಣ ಶಾಲೆಗಳಲ್ಲಿ ಒಬ್ಬರೇ ಶಿಕ್ಷಕರು ಹಲವು ತರಗತಿಗಳನ್ನು ನೋಡಿಕೊಳ್ಳಬೇಕಿತ್ತು. ಮಕ್ಕಳು ಒಂದು ವಾರ ಬಂದರೆ ಇನ್ನೊಂದು ವಾರ ಬರುತ್ತಿರಲಿಲ್ಲ. ಆಂಧ್ರದ ರಿಷಿವ್ಯಾಲಿಯ ಪ್ರಯೋಗವನ್ನು ಕಂಡುಬಂದ ಅಲ್ಲಿನ ಶಿಕ್ಷಕರು ಪಾಠವನ್ನು ಸಣ್ಣಸಣ್ಣ ಮೆಟ್ಟಿಲುಗಳಾಗಿ ಒಡೆದು, ಪ್ರತಿ ಮಗುವೂ ತಾನು ನಿಂತಲ್ಲಿಂದಲೇ ಮುಂದೆ ಏರುವಂತೆ ಮಾಡಿದರು. ಮುಂದೆ 2009-10ರಿಂದ ಅದು ರಾಜ್ಯದಾದ್ಯಂತ ಸರಕಾರಿ ಶಾಲೆಗಳ ಕೆಳ ತರಗತಿಗಳಿಗೆ ವಿಸ್ತರಿಸಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕಾಡಂಚಿನ ಮಕ್ಕಳೆಂದು ಅವರಿಗೆ ಕಲಿಸುವ ಲೆಕ್ಕವನ್ನು ಕಡಿಮೆ ಮಾಡಲಿಲ್ಲ. ನಡಿಗೆಯ ವೇಗವನ್ನು ಮಾತ್ರ ಮಗುವಿಗೆ ಬಿಟ್ಟುಕೊಟ್ಟರು. ದಾರಿ ಬೇರೆಯಾಯಿತು, ಸೇರುವ ಊರು ಬೇರೆಯಾಗಲಿಲ್ಲ.

ಸೇರುವ ಊರನ್ನೇ ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೂ ಇತಿಹಾಸದಲ್ಲಿ ಪಾಠವಿದೆ. 1953ರಲ್ಲಿ ಮದರಾಸು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಸಿ. ರಾಜಗೋಪಾಲಾಚಾರಿಯವರು ಹೊಸ ಪ್ರಾಥಮಿಕ ಶಿಕ್ಷಣ ಯೋಜನೆಯೊಂದನ್ನು ತಂದರು. ಅಂದು ನಮ್ಮ ದಕ್ಷಿಣ ಕನ್ನಡವೂ ಆ ರಾಜ್ಯಕ್ಕೇ ಸೇರಿತ್ತು. ಗ್ರಾಮಾಂತರ ಶಾಲೆಗಳ ಪಾಠದ ಅವಧಿಯನ್ನು ದಿನಕ್ಕೆ ಮೂರು ಗಂಟೆಗಳಿಗೆ ಇಳಿಸಿ ಎರಡು ಪಾಳಿಗಳಲ್ಲಿ ನಡೆಸುವುದು, ಉಳಿದ ಹೊತ್ತಿನಲ್ಲಿ ಮಗು ಹೆತ್ತವರ ಕಸುಬನ್ನು ಕಲಿಯುವುದು, ಇದು ಆ ಯೋಜನೆಯ ತಿರುಳು. ಬೊಕ್ಕಸದಲ್ಲಿ ಹಣವಿರಲಿಲ್ಲ, ಇದ್ದ ಶಿಕ್ಷಕರಿಂದಲೇ ಹೆಚ್ಚು ಮಕ್ಕಳಿಗೆ ಅಕ್ಷರ ಕಲಿಸಬೇಕೆಂಬ ಉದ್ದೇಶವಿತ್ತು. ಉದ್ದೇಶ ಕೆಟ್ಟದೆನ್ನಲಾಗದು. ಆದರೆ ಪೇಟೆಯ ಶಾಲೆಗಳನ್ನು ಮುಟ್ಟದೆ ಹಳ್ಳಿಯ ಮಗುವನ್ನು ಮಾತ್ರ ತಂದೆಯ ಕಸುಬಿಗೆ ಮರಳಿಸುವ ಈ ಯೋಜನೆಯನ್ನು ಜನರು ಕುಲಕಸುಬಿನ ಶಿಕ್ಷಣವೆಂದೇ ಕರೆದರು. ಕುಂಬಾರನ ಮಗ ಕುಂಬಾರನಾಗಿಯೇ, ಜೀತಗಾರನ ಮಗ ಜೀತಗಾರನಾಗಿಯೇ ಉಳಿಯಬೇಕೇ ಎಂದು ಕೇಳಿದರು. 1954ರಲ್ಲಿ ರಾಜಾಜಿಯವರು ಅಧಿಕಾರ ಬಿಟ್ಟರು. ಬಳಿಕ ಬಂದ ಕಾಮರಾಜರು ಯೋಜನೆಯನ್ನು ಹಿಂತೆಗೆದುಕೊಂಡರು.

ಹಾಗಾದರೆ ಕೈಕಸುಬು ಕೀಳೇ? ಖಂಡಿತ ಅಲ್ಲ. 1937ರಲ್ಲಿ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಕೆಲಸದ ಮೂಲಕ ಶಿಕ್ಷಣವೆಂಬ ವಿಚಾರವನ್ನು ಮುಂದಿಟ್ಟಾಗ ಅದನ್ನು ಬಡವರ ಮಕ್ಕಳಿಗೆಂದು ಮೀಸಲಿಟ್ಟಿರಲಿಲ್ಲ. 1966ರಲ್ಲಿ ವರದಿ ನೀಡಿದ ಕೊಠಾರಿ ಆಯೋಗವೂ ಕಾರ್ಯಾನುಭವವನ್ನು ಎಲ್ಲ ಮಕ್ಕಳ ಶಿಕ್ಷಣದ ಅಂಗವಾಗಿಸಬೇಕೆಂದಿತು. ನೆರೆಹೊರೆಯ ಮಕ್ಕಳೆಲ್ಲ ಒಂದೇ ಶಾಲೆಯಲ್ಲಿ ಕಲಿಯಬೇಕೆಂದೂ ಹೇಳಿತು. ಹೊಲಿಗೆ ಒಳ್ಳೆಯದಾದರೆ ಅದು ನಮ್ಮ ಮೊಮ್ಮಕ್ಕಳಿಗೂ ಒಳ್ಳೆಯದೇ. ನಮ್ಮ ಮನೆಯ ಮಗುವಿಗೆ ಬೇಡವಾದುದನ್ನು ಬೇರೆಯವರ ಮಗುವಿಗೆ ಇಷ್ಟೇ ಸಾಕೆಂದು ಕೊಡುವುದಾದರೆ ಅದು ಆದ್ಯತೆಯಲ್ಲ, ತಾರತಮ್ಯ. ಈ ಒರೆಗಲ್ಲಿಗೆ ಉಜ್ಜಿ ನೋಡಿದರೆ ಅಂದಿನ ಸಭೆಯ ಮಾತು ಎಂತಹದೆಂದು ತಿಳಿದೀತು.

ಇನ್ನು ನಮ್ಮ ಕರಾವಳಿಯ ಪೇಟೆಯ ಶಾಲೆಗಳ ವಿಷಯ. ಪ್ರದೇಶಕ್ಕೆ ತಕ್ಕ ಆದ್ಯತೆ ಎಂದಾಗ ನಾವು ಸದಾ ಹಿಂದುಳಿದ ಊರುಗಳತ್ತಲೇ ಬೆರಳು ತೋರುತ್ತೇವೆ. ನಮ್ಮಲ್ಲಿ ಏನು ಕೊರತೆಯಿದೆ ಎಂದು ಕೇಳಿಕೊಳ್ಳುವುದಿಲ್ಲ. ಇಲ್ಲಿ ಅಂಕಗಳಿಗೆ ಕೊರತೆಯಿಲ್ಲ. ಆದರೆ ನಮ್ಮ ಎಷ್ಟು ಮಕ್ಕಳು ಕನ್ನಡ ಪತ್ರಿಕೆಯೊಂದನ್ನು ತಡವರಿಸದೆ ಓದಬಲ್ಲರು? ತಮ್ಮ ಶಾಲೆಯ ಹೊಸ ಕಟ್ಟಡಕ್ಕೆ ಕಲ್ಲು ಹೊತ್ತವರು ಯಾವ ಜಿಲ್ಲೆಯಿಂದ ಬಂದರು, ಅವರ ಮಕ್ಕಳು ಎಲ್ಲಿ ಕಲಿಯುತ್ತಾರೆ ಎಂದು ಎಷ್ಟು ಮಂದಿ ಕೇಳಿದ್ದಾರೆ? ತಾನುಂಡ ತಟ್ಟೆಯನ್ನು ತಾನೇ ತೊಳೆಯುವುದು, ಅನ್ಯರ ಕಷ್ಟವನ್ನು ಅರಿಯುವುದು, ಸೋಲನ್ನು ತಾಳಿಕೊಳ್ಳುವುದು - ನಮ್ಮ ಪೇಟೆಯ ಶಾಲೆಗಳಿಗೆ ಇವೇ ಇಂದಿನ ಆದ್ಯತೆಗಳಾಗಬೇಕೆಂದು ನಾವು ಭಾವಿಸುತ್ತೇವೆ.

ಸಂವಿಧಾನದ 30ನೆಯ ವಿಧಿಯು ಅಲ್ಪಸಂಖ್ಯಾತರಿಗೆ ತಮ್ಮ ಆಯ್ಕೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ನೀಡಿದೆ. ಆ ಹಕ್ಕಿನೊಡನೆ ಹೊಣೆಯೂ ಇದೆ. ನಮ್ಮ ಸಂಸ್ಥೆಗಳಿಗೆ ಮೂರು ವಿನಂತಿಗಳು. ಒಂದು, ಪ್ರತಿ ಶಾಲೆಯೂ ತನ್ನ ಊರಿನ ಮಕ್ಕಳಿಗೆ ಮೊದಲು ಬೇಕಾದುದೇನೆಂದು ಊರಿನವರನ್ನೇ ಕೇಳಿ ನಿರ್ಧರಿಸಲಿ. ಎರಡು, ಯಾವ ಊರಿನ ಶಾಲೆಯೇ ಆಗಲಿ, ಹತ್ತನೆಯ ತರಗತಿಯವರೆಗೆ ಗಣಿತ, ವಿಜ್ಞಾನ, ಭಾಷೆಗಳ ಬಾಗಿಲನ್ನು ಯಾವ ಮಗುವಿಗೂ ಮುಚ್ಚದಿರಲಿ. ಮೂರು, ಅತ್ಯುತ್ತಮ ಶಿಕ್ಷಕರನ್ನು ಪೇಟೆಯಲ್ಲೇ ಇರಿಸಿಕೊಂಡು ಹೊಸಬರನ್ನು ದೂರದ ಊರುಗಳಿಗೆ ಅಟ್ಟುವ ರೂಢಿ ಕೊನೆಗೊಳ್ಳಲಿ. ಕಷ್ಟವಿರುವಲ್ಲಿಗೇ ಅನುಭವಿಗಳು ಹೋಗಲಿ.

ಶುಭಸಂದೇಶದ ತಲೆಂತುಗಳ ಸಾಮತಿ ನಮಗೆಲ್ಲ ತಿಳಿದದ್ದೇ. ಒಡೆಯನು ಒಬ್ಬನಿಗೆ ಐದು, ಇನ್ನೊಬ್ಬನಿಗೆ ಎರಡು ತಲೆಂತುಗಳನ್ನು ಕೊಟ್ಟನು. ಇಬ್ಬರೂ ದುಡಿದು ದುಪ್ಪಟ್ಟು ಮಾಡಿದಾಗ ಇಬ್ಬರನ್ನೂ ಒಂದೇ ಮಾತಿನಿಂದ ಹೊಗಳಿ, ಒಂದೇ ಸಂತೋಷಕ್ಕೆ ಬರಮಾಡಿಕೊಂಡನು. ಕೊಟ್ಟದ್ದು ಬೇರೆ ಬೇರೆ. ಕರೆದ ಬಾಗಿಲು ಒಂದೇ. ಮುಂದಿನ ಸಭೆಯಲ್ಲಿ ಆ ಹಿರಿಯರ ಪಕ್ಕದಲ್ಲೇ ಕುಳಿತು ಗೌರವದಿಂದಲೇ ಈ ಮಾತನ್ನು ಅವರಿಗೆ ಹೇಳುತ್ತೇವೆ. ಈ ಬಾರಿ ಮೌನವಾಗಿರುವುದಿಲ್ಲ.