ಕಾಡಿಗೆ ಕರೆದೊಯ್ಯುವವರು ಯಾರು?

ಮಾನ್ವಿಯ ತಂದೆಯೊಬ್ಬರು ಬರೆದ ಪತ್ರ ನನ್ನ ಮುಂದಿದೆ. ಒಂಬತ್ತನೇ ತರಗತಿಯ ಮಗಳು ಶಾಲೆಯ ಪ್ರವಾಸಕ್ಕೆ ಹೆಸರು ಕೊಟ್ಟಿದ್ದಾಳೆ. ಮೊದಲು ಹಂಪಿ, ದರೋಜಿ, ಅಲ್ಲಿಂದ ನಾಗರಹೊಳೆ. ಪ್ರವಾಸದ ಏಜೆಂಟ್ ಶಾಲೆಗೇ ಬಂದು, "ಹುಲಿ ಗ್ಯಾರಂಟಿ ತೋರಸ್ತೀವ್ರಿ, ಕಡವಿ ಅಂತೂ ಕುರಿ ಹಿಂಡಿನಂಗ ಕಾಣ್ತಾವ" ಎಂದು ಹೇಳಿಹೋಗಿದ್ದಾನೆ. ಮುಂಗಡ ಕಟ್ಟಲು ಇನ್ನು ಒಂದೇ ವಾರ. "ಬ್ಯಾಡ ಅಂದ್ರ ಮಗಳು ಅಳ್ತಾಳ, ಕಳಿಸಿದ್ರ ಅವರವ್ವ ನಿದ್ದಿ ಮಾಡಂಗಿಲ್ಲ. ಏನ್ ಮಾಡ್ಲಿ ಸರ್?" ಎಂಬುದು ಅವರ ಪ್ರಶ್ನೆ.

ಕಳಿಸಿ ಸ್ವಾಮಿ. ಆದರೆ ಕೇಳಿ ಕಳಿಸಿ.

ಕಾಡಿಗೆ ಹೋಗುವವರು ಗೊತ್ತಿದ್ದವರ ಬೆನ್ನು ಹಿಡಿದು ಹೋಗುವುದು ಹೊಸದೇನಲ್ಲ. ಕೃಷ್ಣೆಯ ಆಚೆ ಸುರಪುರ, ಈಚೆ ದೇವದುರ್ಗ, ಇದೆಲ್ಲ ಬೇಡ ನಾಯಕರ ನಾಡು. ಹೆಜ್ಜೆ ಗುರುತು ಓದಬಲ್ಲವನೇ ಇಲ್ಲಿ ಮುಂದಾಳು. ಸ್ವಾತಂತ್ರ್ಯ ಬಂದ ಮೇಲೂ ಹಣವಂತ ವಿದೇಶಿಯರನ್ನು ಹುಲಿ ಬೇಟೆಗೆ ಕರೆದೊಯ್ಯುವ ಶಿಕಾರಿ ಕಂಪನಿಗಳು ನಮ್ಮ ದೇಶದಲ್ಲಿದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಆ ವ್ಯಾಪಾರವನ್ನು ಮುಗಿಸಿತು. ಎಳೆಯ ವಯಸ್ಸಿನಲ್ಲೇ ಕೋವಿ ಹಿಡಿದಿದ್ದ ಕರ್ನಲ್ ಜಾನ್ ವೇಕ್‌ಫೀಲ್ಡ್ ಮುಂದೆ ಕಬಿನಿ ದಂಡೆಯ ಕಾರಾಪುರದಲ್ಲಿ ನೆಲೆಸಿ, 2010ರಲ್ಲಿ ತೀರಿಕೊಳ್ಳುವವರೆಗೂ ಜನರಿಗೆ ಕಾಡು ತೋರಿಸುತ್ತಿದ್ದರು. ಕೋವಿ ಹೋಯಿತು, ಕ್ಯಾಮೆರಾ ಬಂತು. ಕರೆದೊಯ್ಯುವವನ ಹೊಣೆ ಮಾತ್ರ ಹಾಗೆಯೇ ಉಳಿಯಿತು.

ಬೇಟೆಗೆ ಈಗಲೂ ಅನುಮತಿ ಇರುವ ಅಮೆರಿಕದಲ್ಲಿ ಈ ಹೊಣೆಯನ್ನು ಕಾಗದದ ಮೇಲೆ ಬರೆಸಿಕೊಳ್ಳುತ್ತಾರೆ. ನಮ್ಮ ಕಡವೆಯ ದೊಡ್ಡ ದಾಯಾದಿಯಂತಿರುವ ಎಲ್ಕ್ ಎಂಬ ಜಿಂಕೆಯ ಬೇಟೆಗೆ ಕೊಲರಾಡೋ ರಾಜ್ಯ ಹೆಸರುವಾಸಿ. ಅಲ್ಲಿ ಹಣ ಪಡೆದು ಬೇಟೆಗಾರರನ್ನು ಕರೆದೊಯ್ಯುವವನು ಸರ್ಕಾರದಲ್ಲಿ ನೋಂದಾಯಿಸಿರಬೇಕು, ವಿಮೆ ಮಾಡಿಸಿರಬೇಕು, ಗಿರಾಕಿಗೆ ಲಿಖಿತ ಕರಾರು ಕೊಡಬೇಕು. ಜಿಂಕೆ ಹೊಡೆಯಲು ಹೋಗುವ ದೊಡ್ಡವರಿಗೇ ಇಷ್ಟು ಕಟ್ಟುಪಾಡು ಇರುವಾಗ, ಜಿಂಕೆ ನೋಡಲು ಹೋಗುವ ನಮ್ಮ ಮಕ್ಕಳಿಗೆ ನಾವು ಎಷ್ಟು ಕೇಳಬೇಡ?

ಮೊದಲು ಆ "ಗ್ಯಾರಂಟಿ"ಯನ್ನೇ ನೋಡೋಣ. ನಾಗರಹೊಳೆಯ ಸಫಾರಿಗೆ ಏಜೆಂಟನ ಬಸ್ಸು ಹೋಗುವುದಿಲ್ಲ. ಅರಣ್ಯ ಇಲಾಖೆಯ ಅಥವಾ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ವಾಹನವೇ ಆಗಬೇಕು. ಹಾಗಿದ್ದ ಮೇಲೆ ಹುಲಿಯ ಪರವಾಗಿ ಮಾತು ಕೊಡಲು ಈತ ಯಾರು? ಸಫಾರಿಯೇ ನಿಲ್ಲುವುದೂ ಉಂಟು. ಕಾಡಂಚಿನ ಊರುಗಳಲ್ಲಿ ಹುಲಿ ದಾಳಿಗೆ ಜನ ಬಲಿಯಾದಾಗ, 2025ರ ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಿದ್ದರು. ಅಂಥ ಸಂದರ್ಭ ಬಂದರೆ ಕಟ್ಟಿದ ಹಣದ ಗತಿಯೇನು? ಇದನ್ನು ಮೊದಲೇ ಬರೆಸಿಕೊಳ್ಳಿ. ಬರೆದುಕೊಟ್ಟ ರಸೀದಿ ಇದ್ದರೆ ಮುಂದೆ ರಾಯಚೂರಿನ ಜಿಲ್ಲಾ ಗ್ರಾಹಕರ ಆಯೋಗದ ಮೆಟ್ಟಿಲನ್ನಾದರೂ ಹತ್ತಬಹುದು. ಬಾಯಿಮಾತಿಗೆ ಸಾಕ್ಷಿ ಎಲ್ಲಿಂದ ತರುವಿರಿ?

ಇನ್ನು ಬಸ್ಸು. ರಾಯಚೂರಿನಿಂದ ಮೈಸೂರಿನ ಕಡೆಗೆ 500 ಕಿಲೋಮೀಟರಿಗೂ ಹೆಚ್ಚಿನ ದಾರಿ. ಚಾಲಕರು ಇಬ್ಬರಿದ್ದಾರೆಯೇ? ಪರ್ಮಿಟ್, ವಿಮೆ, ಎಫ್‌.ಸಿ. ಸರಿ ಇವೆಯೇ? ರಾತ್ರಿ ಮಕ್ಕಳು ಮಲಗುವುದು ಹಾಸಿಗೆಯಲ್ಲೋ ಸೀಟಿನ ಮೇಲೋ? ಹೆಣ್ಣುಮಕ್ಕಳ ಜೊತೆ ಎಷ್ಟು ಮಂದಿ ಶಿಕ್ಷಕಿಯರು? ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ ಪತ್ರ ಎಲ್ಲಿ? ಹೋದ ವರ್ಷ ಇದೇ ಏಜೆಂಟನ ಜೊತೆ ಹೋಗಿಬಂದ ಶಾಲೆ ಯಾವುದು? ಆ ಶಾಲೆಯ ಇಬ್ಬರು ಪಾಲಕರನ್ನು ಕಂಡು ಮಾತನಾಡಿ. ಬಣ್ಣದ ಕರಪತ್ರ ಹೇಳದ್ದನ್ನು ಅವರು ಹೇಳುತ್ತಾರೆ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಬೇರೆಯೇ ಇದೆ. ಈ ಮನುಷ್ಯ ಮಕ್ಕಳಿಗೆ "ಬೇಡ" ಎನ್ನಬಲ್ಲನೇ? 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಹೋಗಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ಕಡಲಿರಲಿ, ಹೊಳೆಯಿರಲಿ, ಕಾಡಿರಲಿ, ಮಕ್ಕಳ ಉತ್ಸಾಹಕ್ಕೆ ಕಡಿವಾಣ ಇರುವುದಿಲ್ಲ. ಅದನ್ನು ಹಿಡಿಯಬಲ್ಲ ದೊಡ್ಡವರು ಜೊತೆಗಿರಬೇಕು. ಕೇಳಿದ್ದಕ್ಕೆಲ್ಲ "ಆಯ್ತು" ಅನ್ನುವ ಏಜೆಂಟನಿಗಿಂತ, "ನೀರಿಗಿಳಿಸುವುದಿಲ್ಲ, ಕತ್ತಲಾದ ಮೇಲೆ ಬಸ್ಸು ಓಡಿಸುವುದಿಲ್ಲ, ಹುಲಿ ಕಾಣದೆಯೂ ಇರಬಹುದು" ಎನ್ನುವವನು ನೂರು ಪಾಲು ಮೇಲು.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಹುಲಿ ಕಾಣಲಿಲ್ಲವೆಂದು ಮುಖ ಸಣ್ಣ ಮಾಡಬೇಡಿ. ನಮಗೆ ಹತ್ತಿರದ ದರೋಜಿಯನ್ನೇ ನೋಡಿ. 1994ರಲ್ಲಿ ಕರಡಿಗಳಿಗಾಗಿ ಘೋಷಿಸಿದ ಧಾಮ ಅದು. ಬಂಡೆಗಳಿಗೆ ಬೆಲ್ಲದ ಲೇಪ ಸವರಿಟ್ಟಿರುತ್ತಾರೆ. ಮಧ್ಯಾಹ್ನದ ಮೇಲೆ ವೀಕ್ಷಣಾ ಗೋಪುರದಲ್ಲಿ ಸದ್ದಿಲ್ಲದೆ ಕುಳಿತರೆ ಕರಡಿ ಮರಿಯೊಂದಿಗೆ ಬಂದು ನೆಕ್ಕುವುದನ್ನು ಕಾಣಬಹುದು. ಗದ್ದಲ ಮಾಡಿದರೆ ಬಂಡೆ ಮಾತ್ರ ಕಂಡೀತು! ಸುಮ್ಮನೆ ಕೂರುವುದನ್ನು ಕಲಿತು ಬಂದರೂ ಪ್ರವಾಸದ ದುಡ್ಡು ಸಾರ್ಥಕ.

ಮಾನ್ವಿಯ ಆ ತಂದೆಗೆ ನನ್ನ ಉತ್ತರ ಇಷ್ಟೇ. ಈ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಮಗಳನ್ನೂ ಕರೆದುಕೊಂಡು ಮುಖ್ಯೋಪಾಧ್ಯಾಯರ ಬಳಿ ಹೋಗಿ. ಉತ್ತರ ಸಮಾಧಾನ ತಂದರೆ ಹಣ ಕಟ್ಟಿ. ತರದಿದ್ದರೆ ಮಗಳಿಗೆ ಕಾರಣ ತಿಳಿಸಿ ಹೇಳಿ. ಅವಳು ಒಂದು ದಿನ ಅತ್ತಾಳು, ಅಷ್ಟೇ. ಹಗಲು ಕಂಡ ಬಾವಿಗೆ ಇರುಳು ಬೀಳುವುದು ಬೇಡ.