ಶುದ್ಧವೇ ಎಂದು ಕೇಳದೆ ಫಾರ್ವರ್ಡ್ ಮಾಡಬೇಡಿ

2023ರ ಆಗಸ್ಟ್‌ನಲ್ಲಿ ನಿಮ್ಮ ಮೊಬೈಲ್‌ಗೂ ಆ ವಿಡಿಯೊ ಬಂದಿರಬಹುದು. ಅಯಸ್ಕಾಂತದ ಮೇಲೆ ಕಪ್ಪು ಚೂರೊಂದು ಅರ್ಧ ಎದ್ದು ನಿಂತಿತ್ತು. ದಕ್ಷಿಣ ಕೊರಿಯಾದ ವಿಜ್ಞಾನಿಗಳು ಅದಕ್ಕೆ ಎಲ್‌ಕೆ-99 ಎಂದು ಹೆಸರಿಟ್ಟಿದ್ದರು. ಅದು ಸೂಪರ್‌ಕಂಡಕ್ಟರ್, ಮನೆಯೊಳಗಿನ ಸಾಧಾರಣ ಬಿಸಿಯಲ್ಲೇ ಒಂದಿಷ್ಟೂ ನಷ್ಟವಿಲ್ಲದೆ ಕರೆಂಟ್ ಹರಿಸುತ್ತದೆ ಎಂಬುದು ಅವರ ವಾದ. ನಾನೂ ನಂಬಿದೆ. ಎರಡು ಗ್ರೂಪ್‌ಗೆ ಕಳಿಸಿಯೂ ಬಿಟ್ಟೆ.

ಆಮೇಲೆ ಗೊತ್ತಾದದ್ದು ಬೇರೆ.

ಎಲ್‌ಕೆ-99 ಎಂದರೆ ಸೀಸ, ರಂಜಕ, ಆಮ್ಲಜನಕದ ಹರಳು. ಸ್ವಲ್ಪ ಸೀಸದ ಜಾಗಕ್ಕೆ ಬೇಕೆಂದೇ ತಾಮ್ರ ಸೇರಿಸಿದ್ದರು. ಆದರೆ ತಯಾರಿಸುವಾಗ ಗಂಧಕವೂ ಇತ್ತು. ತಾಮ್ರ, ಗಂಧಕ ಕೂಡಿ ಕಾಪರ್ ಸಲ್ಫೈಡ್ ಎಂಬ ಕಲ್ಮಶ ಅದರೊಳಗೇ ಉಳಿಯಿತು. ಸುಮಾರು 104 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ಕಲ್ಮಶದ ಒಳರಚನೆ ಬದಲಾಗುತ್ತದೆ. ಬಿಸಿ ಅದಕ್ಕಿಂತ ಕೆಳಗಿಳಿದಾಗ ಕರೆಂಟಿಗೆ ಇರುವ ತಡೆ ಒಮ್ಮೆಲೇ ಕುಸಿಯುತ್ತದೆ. ಸೂಪರ್‌ಕಂಡಕ್ಟರ್‌ನ ಗುರುತು ಎಂದು ಕೊರಿಯಾದವರು ತೋರಿಸಿದ್ದೂ ಹೆಚ್ಚುಕಡಿಮೆ ಅದೇ ಬಿಸಿಯಲ್ಲಿ ಆದ ಕುಸಿತವನ್ನೇ.

ಜರ್ಮನಿಯ ಸ್ಟುಟ್‌ಗಾರ್ಟ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಗಂಧಕವಿಲ್ಲದ ಶುದ್ಧ ಹರಳು ಬೆಳೆಸಿದರು. ನೇರಳೆ ಬಣ್ಣದ, ಬೆಳಕು ಹಾಯುವ ಹರಳು. ಅದರ ತಡೆ ಹತ್ತಾರು ಲಕ್ಷ ಓಮ್! ಅಂದರೆ ಕರೆಂಟ್ ಹಾಯಲು ಬಿಡದ ವಸ್ತು, ನಮ್ಮ ವಿದ್ಯುತ್ ಕಂಬದ ಪಿಂಗಾಣಿಯ ಜಾತಿ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಪರೀಕ್ಷೆಯಲ್ಲೂ ಅದು ಸೂಪರ್‌ಕಂಡಕ್ಟರ್ ಎಂದು ಕಾಣಲಿಲ್ಲ. ಚೂರು ಅರ್ಧ ಎದ್ದು ನಿಲ್ಲುವುದು ಸಾಮಾನ್ಯ ಕಾಂತಗುಣದಿಂದಲೂ ಆಗುತ್ತದೆ.

ಹಾಗಂತ ಬೆರಕೆಯೆಲ್ಲ ಕೆಟ್ಟದ್ದಲ್ಲ. ಸಿಲಿಕಾನ್‌ಗೆ ಬೇಕೆಂದೇ ಒಂಚೂರು ರಂಜಕ, ಬೋರಾನ್ ಸೇರಿಸುವುದರಿಂದಲೇ ನಿಮ್ಮ ಕೈಯಲ್ಲಿರುವ ಮೊಬೈಲ್ ನಡೆಯುತ್ತದೆ. ಅಲ್ಲಿ ಏನು ಸೇರಿಸಿದ್ದೇವೆ, ಎಷ್ಟು ಸೇರಿಸಿದ್ದೇವೆ ಎಂಬ ಲೆಕ್ಕ ಇರುತ್ತದೆ. ಮೋಸ ಮಾಡುವುದು ಲೆಕ್ಕಕ್ಕೆ ಸಿಗದ ಬೆರಕೆ.

ವಿಜ್ಞಾನಿಗಳನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಕೆಲವೇ ವಾರಗಳಲ್ಲಿ ಬೇರೆ ಲ್ಯಾಬ್‌ಗಳು ಪರೀಕ್ಷಿಸಿ ನಿಜ ಹೇಳಿದವು. ಕಾಯುವ ತಾಳ್ಮೆ ಇಲ್ಲದಿದ್ದದ್ದು ಸುದ್ದಿ ಬರೆಯುವ, ಹಂಚುವ ನಮಗೆ.

ಕ್ವಾಂಟಂ ತಂತ್ರಜ್ಞಾನಕ್ಕಾಗಿ ಕೇಂದ್ರ ಸರ್ಕಾರ 2023ರಲ್ಲಿ 6,003 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಅದು ನಮ್ಮ ನಿಮ್ಮ ತೆರಿಗೆ ಹಣ. ಇಂಥ ಹೊಸ ವಸ್ತುಗಳ ಸುದ್ದಿ ಇನ್ನೂ ಬರುತ್ತದೆ. ಬಂದಾಗ ಎರಡೇ ಪ್ರಶ್ನೆ ಕೇಳೋಣ. ಆ ವಸ್ತು ಎಷ್ಟು ಶುದ್ಧ? ಬೇರೆ ಲ್ಯಾಬ್‌ನವರು ಮಾಡಿ ನೋಡಿದ್ದಾರೆಯೇ?

ಉತ್ತರ ಸಿಗುವ ತನಕ ನಾನಂತೂ ಬರೆಯುವುದಿಲ್ಲ. ನೀವೂ ಫಾರ್ವರ್ಡ್ ಮಾಡಬೇಡಿ.