ಕಲೆ ಯಾರದು, ಕಸುಬು ಯಾರದು?

ಬೆಂಗಳೂರಲ್ಲಿ ಈಗ ಫೀಸು ತಗೊಂಡು ತೊಗಲಿನ ಬೆಲ್ಟು ಹೊಲಿಯೋದು ಕಲಿಸುತ್ತಾರೆ. ಅದು ಕಲೆಯಂತೆ! ಬೂದಿಗೆರೆ ಸೀಮೆಯ ಕಪಿಲೆ ಬಾವಿಗಳಿಗೆ ತೊಗಲಿನ ಬಾನಿ ಹೊಲಿದ ನಮ್ಮಜ್ಜಂದಿರದು ಮಾತ್ರ ಕುಲಕಸುಬು. ಅದೇ ಬಾನಿ ಎತ್ತಿದ ನೀರನ್ನು ಅವರು ಮುಟ್ಟಿದರೆ ಮೈಲಿಗೆ!

ನಾವೂ ಬೆಲ್ಟು ಹೊಲಿಯೋಣ, ಬಿಟ್ಟಿಗಲ್ಲ. 1976ರಲ್ಲಿ ಹುಟ್ಟಿದ ಲಿಡ್ಕರ್‌ನ ಬಾಗಿಲು ತಟ್ಟಿ ತರಬೇತಿ ಕೇಳೋಣ. ಹೊಸಬರಾದ ನಮಗೆ ಹೊಟ್ಟೆಭಾಗದ ತೊಗಲು ಬೇಡ, ಜಗ್ಗುತ್ತೆ. ಬೆನ್ನಿನದನ್ನೇ ಉದ್ದಕ್ಕೆ ಕುಯ್ಯೋಣ. ಮೇಲುಪಟ್ಟಿಯಲ್ಲಿ ಹೂವು ಕೊರೆದು, ಅಡಿಯಿಂದ ಕೆಂಪು ತೊಗಲಿನ ಚೂರು ಕೂರಿಸಿ, ಅಂಚಿನ ಸುತ್ತ ಹೊಲಿಗೆ. ಅವಸರ ಬೇಡ. ರಂಪಿಗೆ ಜಾರಿದರೆ ಹೂವೂ ಹೋಯ್ತು, ಬೆರಳೂ ಹೋಯ್ತು.

ರೇಟು? ಆ ಕಲಾವಿದರು ಹೇಳುವಷ್ಟೇ. ‘ಮಾದಿಗರ ಮಾಲಿಗೆ ಇಷ್ಟಾ?’ ಅಂದವನು ಪ್ಯಾಂಟು ಕೈಲಿ ಹಿಡ್ಕೊಂಡೇ ಮನೆಗೆ ಹೋಗಲಿ.